ಹಸಿರು ಗಾಡಿಗೆ ಅಕ್ಕ ಹೊಲಿದ ಸೀಟು

ಹೋದ ತಿಂಗಳು ಹೊಸ ಕಾರು ಮನೆಗೆ ಬಂದಾಗ ನೀವೆಲ್ಲ ಹಟ ಹಿಡಿದು ನನ್ನನ್ನು ಮುಂದಿನ ಸೀಟಿನಲ್ಲಿ ಕೂಡ್ರಿಸಿದಿರಿ. ಸೀಟಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಅದರ ಅಂಚನ್ನು ತುಸು ಎತ್ತಿ "ಅಜ್ಜಿ, ಲೆದರ್ ಐತಿ ನೋಡ" ಎಂದು ತೋರಿಸಿದಿರಿ. ನಾನು ಬಗ್ಗಿ ಮೂಸಿ ನೋಡಿದೆ. ನೀವು ನಕ್ಕಿರಿ. ವಾಸನೆ ಚೆನ್ನಾಗಿಯೇ ಇತ್ತು. ಆದರೆ ತೊಗಲಿನ ವಾಸನೆ ಅದಲ್ಲ. ತೊಗಲಿನ ವಾಸನೆಯಲ್ಲಿ ಜಾಲಿಯ ತೊಗಟೆ ಇರುತ್ತದೆ, ಅಳಲೆಕಾಯಿಯ ಒಗರು ಇರುತ್ತದೆ, ಬಿಸಿಲಿಗೆ ಕಾದ ಎಣ್ಣೆ ಇರುತ್ತದೆ... "ನಮ್ಮ ಅಂಗಳದಾಗೂ ಒಂದು ವಿಲಾಯತಿ ಕಾರ್ ಇತ್ತು" ಎಂದೆ. ನೀವು ಇನ್ನೂ ಜೋರಾಗಿ ನಕ್ಕಿರಿ. ಎದುರಿಗೆ ಕೂತು ಕಥೆ ಹೇಳಲು ನನಗೆ ಬಾರದು. ನಾಲ್ಕು ಮಂದಿ ಮುಖ ನೋಡಿದರೆ ನನ್ನ ಮಾತು ಗಂಟಲಲ್ಲೇ ನಿಂತುಬಿಡುತ್ತದೆ. ನನ್ನ ತವರು ಜುಗೂಳದ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದೆಯಲ್ಲ, ಅದರಲ್ಲಿ ಬರೆಯುತ್ತೇನೆ.

ಆಗ ನಾವು ಅಥಣಿಯಲ್ಲಿದ್ದೆವು. ನಿಮ್ಮ ಅಪ್ಪ ಇನ್ನೂ ತೊಟ್ಟಿಲಲ್ಲಿದ್ದ. ನಿಮ್ಮ ಅಜ್ಜ ಮನೆಯ ಮುಂದಿನ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಜೀಪು, ಟ್ರ್ಯಾಕ್ಟರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ನಾನು, ಅವರು, ನಮ್ಮ ಅತ್ತೆ. ಒಂದು ದಿನ ಕಾಗವಾಡದ ಕಡೆಯ ಒಬ್ಬ ಧಣಿಯ ವಾಡೆಯಿಂದ ಟ್ರ್ಯಾಕ್ಟರ್ ಬಂತು. ಅದರ ಟ್ರೇಲರ್ ಮೇಲೆ ಕಬ್ಬು ಕಟ್ಟಿದ ಹಾಗೆ ಹಗ್ಗ ಬಿಗಿದು ಒಂದು ಮೋಟರನ್ನು ತಂದಿದ್ದರು. ಮೋಟರು ಎನ್ನಲು ಅದರಲ್ಲಿ ಏನೂ ಉಳಿದಿರಲಿಲ್ಲ. ತಗಡು ತುಕ್ಕು ಹಿಡಿದು ಜರಡಿಯಾಗಿತ್ತು. ಸೀಟಿದ್ದ ಕಡೆ ಕೋಳಿ ಮೊಟ್ಟೆ ಇಟ್ಟು ಗೂಡು ಮಾಡಿತ್ತು.

"ಇದೇನ್ ಗಾಡೀನೋ, ಸತ್ತ ಎಮ್ಮೀನೋ?" ಎಂದರು ನಮ್ಮ ಅತ್ತೆ.

ಅದು ಇಂಗ್ಲಿಷರ ಕಾಲದ, ಇಬ್ಬರಷ್ಟೇ ಕೂಡುವ, ತಲೆಯ ಮೇಲೆ ಮುಚ್ಚಳವಿಲ್ಲದ ಗಾಡಿ. ಕೊಲ್ಲಾಪುರದಲ್ಲಿದ್ದ ಒಬ್ಬ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ವಾಡೆಯ ಧಣಿಯ ತಂದೆಗೆ ಕೊಟ್ಟು ಹೋದದ್ದಂತೆ. ಓಟದ ಪಂದ್ಯಕ್ಕೆಂದೇ ಅಂಥ ಗಾಡಿ ಮಾಡುತ್ತಿದ್ದರಂತೆ. ತಂದೆ ತೀರಿದ ಮೇಲೆ ಅದು ಬೆಲ್ಲದ ಕೋಣೆಯ ಹಿಂದೆ ಸೋಗೆಯಡಿ ಬಿದ್ದಿತ್ತು. ಈಗ ಧಣಿಗೆ ದ್ರಾಕ್ಷಿ ತೋಟ ಹಾಕಬೇಕಾಗಿತ್ತು, ಗಾಡಿ ಮಾರಬೇಕೆಂದಿದ್ದರು.

"ಹಳೇ ಗಾಡಿ ಕೂಡಿಸಿ ಇಟಗೊಳ್ಳೂ ಮಂದಿ ಮುಂಬೈದಾಗ ಅದಾರಂತ ಯವ್ವಾ. ಮೊದಲಿದ್ದಂಗ ಮಾಡಿ ತೋರಿಸಿದ್ರ ಒಯ್ಯತಾರಂತ" ಎಂದು ನಿಮ್ಮ ಅಜ್ಜ ತಿಳಿಸಿ ಹೇಳಿದರು.

"ಹಳೇವು ಕೂಡಿಸ್ತಾರ? ಪಾಪ, ಹೊಸಾವು ಕೊಳ್ಳೂ ತಾಕತ್ತ ಇಲ್ಲೇನೋ" ಎಂದು ಅತ್ತೆ ಮರುಗಿದರು.

ಆ ಗಾಡಿ ನಮ್ಮ ಅಂಗಳದಲ್ಲಿ ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿ ದಾಟುವವರೆಗೂ ಇತ್ತು. ಇಂಜಿನ್ ಕೆಲಸಕ್ಕೆ ಮಿರಜದಿಂದ ಒಬ್ಬ ಮಿಸ್ತ್ರಿ ಬಂದು ಹೋಗುತ್ತಿದ್ದ. ತಗಡಿನ ಕೆಲಸ ನಿಮ್ಮ ಅಜ್ಜನದು. ನಾನು ರೊಟ್ಟಿ ಬಡಿಯುತ್ತ ಕಿಟಕಿಯಿಂದ ನೋಡುತ್ತಿದ್ದೆ. ದಿನಾ ನೋಡುವ ಕಣ್ಣಿಗೆ ಏನೂ ಆಗುತ್ತಿಲ್ಲ ಅನ್ನಿಸುತ್ತಿತ್ತು. ಒಂದು ದಿನ ನೋಡಿದರೆ ಸತ್ತ ಎಮ್ಮೆ ಹೋಗಿ ಕೂತ ಜಿಂಕೆ ಬಂದಿತ್ತು. ಉದ್ದನೆಯ ಮೂತಿ, ಗುಂಡು ಕಣ್ಣಿನಂಥ ಎರಡು ದೀಪ, ಸೈಕಲ್ಲಿನ ಹಾಗೆ ಕಡ್ಡಿ ಕಡ್ಡಿಯ ಗಾಲಿ. ಬಣ್ಣ ಹೊಡೆದ ದಿನ ನಾನು ಕೆಲಸ ಬಿಟ್ಟು ಬಾಗಿಲಲ್ಲಿ ನಿಂತೆ. ಮಳೆ ನಿಂತ ಮೇಲೆ ಕಬ್ಬಿನ ಹೊಲದ ನಡುವೆ ಒಂದು ಹಸಿರು ಇರುತ್ತದಲ್ಲ, ಕಪ್ಪಿಗೆ ಹತ್ತಿರದ್ದು, ಆ ಹಸಿರು. ಅದರಲ್ಲಿ ನನ್ನ ಮುಖ ಕಂಡಿತು. ನಾಚಿ ಒಳಗೆ ಬಂದೆ.

ಮೂತಿಯ ಮೇಲಿನ ಮುಚ್ಚಳ ಹಾರದಂತೆ ಒಂದು ತೊಗಲಿನ ಪಟ್ಟಾ ಕಟ್ಟಬೇಕಾಗಿತ್ತು. ಮೊದಲಿದ್ದದ್ದನ್ನು ಇಲಿ ತಿಂದಿತ್ತು. ಅದಕ್ಕೆಂದು ನಿಮ್ಮ ಅಜ್ಜ ಕರೆಸಿದವಳೇ ಅಕ್ಕ. ನಮ್ಮ ಓಣಿಯ ಆಚೆ ಚಪ್ಪಲಿ ಮಾಡುವವರ ಓಣಿ, ಅಲ್ಲಿಯವಳು. ಗಂಡ ತೀರಿ ಬಹಳ ಕಾಲವಾಗಿತ್ತು. ತಲೆ ನೆರೆತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅಂಗಳದ ಬೇವಿನ ಗಿಡದ ಕೆಳಗೆ ಕೂತು ಕೆಲಸ ಮಾಡುತ್ತಿದ್ದಳು. ಕಟ್ಟೆಗೆ ಬರುತ್ತಿರಲಿಲ್ಲ. ಅವಳಿಗೆ ಚಹಾ ಕೊಡುವ ಕಪ್ಪು ಬೇರೆ ಇತ್ತು, ಹೊರಗಿನ ಗೋಡೆಯ ಮಾಡದಲ್ಲಿ ಇರುತ್ತಿತ್ತು. ಆಗ ನಮ್ಮ ಮನೆಯಲ್ಲಿ ಹಾಗೆ ಇತ್ತು, ಅದನ್ನೂ ನೀವು ತಿಳಿದಿರಬೇಕು.

ಪಟ್ಟಾ ಕಟ್ಟಿದ ದಿನ ಧಣಿ ಬಂದಿದ್ದರು. ಹೆಗಲ ಮೇಲಿನ ಶಾಲಿನಿಂದ ಅದನ್ನು ತಾವೇ ಒರೆಸಿ "ಭಾಳ ಬೇಷ್ ಆಗೇತಿ" ಎಂದರು. ಅಕ್ಕ ದೂರ ನಿಂತು ಆ ಶಾಲನ್ನೇ ನೋಡುತ್ತಿದ್ದಳು. ಅವರು ಹೋದ ಮೇಲೆ ನನ್ನನ್ನು ಕರೆದಳು.

"ತಂಗಿ, ಸೀಟೂ ನಾನ ಹೊಲೀಲೇನ, ಕೇಳ ನಿನ್ನ ಗಂಡಗ."

"ನೀ ಚಪ್ಪಲಿ ಹೊಲಿಯಾಕಿ ಅಲ್ಲ ಯಕ್ಕಾ?"

"ಅದಕ್ಕs ಕೇಳಾಕತ್ತೇನಿ. ಹುಟ್ಟಿದಾಗಿಂದ ನಾ ಹೊಲದದ್ದೆಲ್ಲಾ ಬಾಗಲದಾಗs ಬಿಟ್ಟ ಒಳಗ ಹೋಗ್ಯಾರ ಮಂದಿ. ಒಂದರೆ ಹೊಸ್ತಿಲ ದಾಟಿಲ್ಲ. ಇದು ಮುಂಬೈದಾಗ ಯಾರದೋ ದೊಡ್ಡ ಮನಿಯೊಳಗ ಇರತೈತಂತ. ಹೋಗಲಿ ಬೇ, ನನ್ನ ಕೈ ಕೆಲಸ ಒಂದು ಒಳಗ ಹೋಗಲಿ."

ನಾನು ಆವತ್ತು ರಾತ್ರಿ ಊಟಕ್ಕೆ ಬಡಿಸುತ್ತ ನಿಮ್ಮ ಅಜ್ಜನಿಗೆ ಹೇಳಿದೆ. ಅವರು ಯೋಚಿಸಿದರು. ಧಣಿಗೆ ರೆಕ್ಸಿನ್ ಹಾಕಿಸುವ ಮನಸ್ಸು. ಆದರೆ ಗಾಡಿ ಕೊಳ್ಳಲಿದ್ದ ಮುಂಬೈಯವರು ಮೊದಲಿದ್ದ ಹಾಗೆ ತೊಗಲೇ ಇರಬೇಕೆಂದು ಹೇಳಿ ಕಳಿಸಿದ್ದರು. ಹಾಗಾಗಿ ಅಕ್ಕನಿಗೆ ಕೆಲಸ ಸಿಕ್ಕಿತು.

ಅಕ್ಕ ಹೊಲಿಯುವುದನ್ನು ನೋಡಬೇಕಾಗಿತ್ತು ನೀವು... ಮೆತ್ತನೆಯ ಆಡಿನ ತೊಗಲು, ಹದ ಹಾಕಿದ ಮೇಲೆ ಹಣ್ಣಾದ ಖರ್ಜೂರದ ಬಣ್ಣ. ಹಳೆಯ ಸೀಟಿನ ಚಿಂದಿ ಒಂದನ್ನು ಮೊಣಕಾಲ ಮೇಲೆ ಹಾಕಿಕೊಂಡು ಬಹಳ ಹೊತ್ತು ಬೆರಳಿನಿಂದ ಸವರಿ ನೋಡಿದಳು. ಆಮೇಲೆ ರಾಪಿಯಿಂದ ತೊಗಲು ಕೊಯ್ದಳು. ಬೆಣ್ಣೆ ಕೊಯ್ದ ಹಾಗೆ, ಸಪ್ಪಳವೇ ಇಲ್ಲ. ಆರಿಯಿಂದ ಚುಚ್ಚುವುದು, ದಾರ ಎಳೆಯುವುದು, ಮತ್ತೆ ಚುಚ್ಚುವುದು. ಉದ್ದುದ್ದ ದಿಂಡುಗಳು ಒಂದರ ಪಕ್ಕ ಒಂದು ಎದ್ದು ಬಂದವು, ನೇಗಿಲ ಸಾಲಿನ ಹಾಗೆ. ಎರಡು ಸಲ ತಪ್ಪಿದಳು, ಬಿಚ್ಚಿ ಹೊಲಿದಳು. ಒಂದು ಸಾಲು ಸೊಟ್ಟ ಬಂದಾಗ ತನ್ನ ಕೈಗೆ ತಾನೇ ಏಟು ಕೊಟ್ಟು "ಹಡಬಿಟ್ಟಿ ಕೈ" ಎಂದು ಬೈದಳು. ನಾನು ನಿಮ್ಮ ಅಪ್ಪನನ್ನು ಕಾಲ ಮೇಲೆ ಹಾಕಿಕೊಂಡು ತೂಗುತ್ತ ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ನೋಡುತ್ತ ಕೂಡುವುದೇ ನನಗೆ ಸಾಕಾಗುತ್ತಿತ್ತು.

ಸೀಟು ಕೂಡಿಸಿದ ಮೇಲೆ, ಮುಂಬೈಯವರು ಬರುವ ಹಿಂದಿನ ದಿನ, ಅಕ್ಕ ಮನೆಯಿಂದ ಔಡಲೆಣ್ಣೆ ತಂದು ತೊಗಲಿಗೆ ಚೆನ್ನಾಗಿ ಕುಡಿಸಿದಳು. ಅವರ ಓಣಿಯಲ್ಲಿ ಯಾವ ಚಪ್ಪಲಿಯೂ ಎಣ್ಣೆ ಕುಡಿಯದೆ ಗಿರಾಕಿಯ ಕೈ ಸೇರುವುದಿಲ್ಲ. ಎಣ್ಣೆ ಕುಡಿದರೆ ತೊಗಲು ಮೆತ್ತಗಾಗುತ್ತದೆ, ಕಾಲು ಕಚ್ಚುವುದಿಲ್ಲ. ಸೀಟು ಸಂಜೆಯ ಬಿಸಿಲಿಗೆ ಮಿಂಚಿತು. ನಾವು ಯಾರೂ ಮತ್ತೇನನ್ನೂ ಯೋಚಿಸಲಿಲ್ಲ. ಚೆಂದ ಕಾಣುತ್ತಿತ್ತು, ಅಷ್ಟೇ.

ಮರುದಿನ ಮಧ್ಯಾಹ್ನ ಧಣಿಯ ಜೊತೆ ಅವರ ಜೀಪಿನಲ್ಲಿ ಮುಂಬೈಯವರು ಬಂದರು, ಒಬ್ಬರೇ. ವಯಸ್ಸಾದವರು, ತೆಳ್ಳಗೆ, ಮೆತ್ತನೆ ಮಾತು, ಮೈಮೇಲೆ ಹಾಲಿನಂಥ ಬಿಳಿ ಪ್ಯಾಂಟು. ಗಾಡಿಯನ್ನು ಕಂಡವರೇ ಟೊಪ್ಪಿಗೆ ತೆಗೆದರು. ಸುತ್ತ ತಿರುಗಿದರು, ಬಗ್ಗಿ ಅಡಿಯಲ್ಲಿ ನೋಡಿದರು, ಗಾಲಿಯ ಕಡ್ಡಿಗಳನ್ನು ತಂಬೂರಿ ಮೀಟಿದ ಹಾಗೆ ಮೀಟಿ ಕಿವಿ ಕೊಟ್ಟರು. ನಿಮ್ಮ ಅಜ್ಜನ ಮುಖ ಅರಳಿತು. ಆಮೇಲೆ ಅವರು ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದು ಕಣ್ಣು ಮುಚ್ಚಿದರು. ಅಕ್ಕ ಬೇವಿನ ಗಿಡಕ್ಕೆ ಆತು ನಿಂತಿದ್ದಳು.

ಅವರು ಇಳಿದು ನಮಗೆ ಬೆನ್ನು ಮಾಡಿ ನಿಂತರು. ಬಿಳಿ ಪ್ಯಾಂಟಿನ ಹಿಂದೆ ಎರಡು ದೊಡ್ಡ ಎಣ್ಣೆಯ ಕಲೆ.

ಅವರು ಕೈಯಿಂದ ಮುಟ್ಟಿ ಬೆರಳು ನೋಡಿಕೊಂಡು "ತೇಲ?" ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ಸಿಟ್ಟಾಗಲಿಲ್ಲ. ನಾಳೆ ಮುಂಜಾನೆ ಬಂದು ರಸ್ತೆಯ ಮೇಲೆ ಓಡಿಸಿ ನೋಡುವುದಾಗಿ ಹೇಳಿ ಜೀಪಿಗೆ ನಡೆದರು. ಸಿಟ್ಟಾದವರು ಧಣಿ.

"ಯಾರ್ ಹೇಳಿದ್ರಲೇ ಎಣ್ಣಿ ಹಚ್ಚಾಕ? ಇದೇನ್ ಚಪ್ಪಲಿ ಏನ? ಮರ್ಯಾದಿ ಹೋತು ನಂದು. ಎಲ್ಲಾ ಕಿತ್ತ ಒಗೀರಿ. ನಿಪ್ಪಾಣಿಯಿಂದ ರೆಕ್ಸಿನ್ ತರಸ್ತೀನಿ."

ನಿಮ್ಮ ಅಜ್ಜ ಕೈ ಮುಗಿದರು. "ಧಣ್ಯಾರ, ನಾಳೆ ಅವರ ಬರೂತನಕಾ ತಡೀರಿ. ಮತ್ತ ಎಣ್ಣಿ ಹತ್ತಿತಂದ್ರ ನಾನs ಕೀಳತೀನಿ." ಧಣಿ ಶಾಲು ಕೊಡವಿ ಜೀಪು ಹತ್ತಿದರು. ಬೇಡ ಎನ್ನಲಿಲ್ಲ, ಅಷ್ಟೇ ನಮಗೆ ಸಿಕ್ಕ ಆಸರೆ.

ಅಕ್ಕ ಗಿಡದ ಬುಡಕ್ಕೆ ಕುಸಿದು ಕೂತಳು. ಅಳಲಿಲ್ಲ. ತನ್ನಷ್ಟಕ್ಕೆ ತಾನು ಹೇಳಿಕೊಂಡಳು, "ಕಾಲಿಗೆ ಎಣ್ಣಿ ಹತ್ತಿದ್ರ ಯಾರೂ ಬ್ಯಾಡ ಅನ್ನಂಗಿಲ್ಲ. ಕುಂಡಿಗೆ ಹತ್ತತೈತಿ ಅನ್ನೂದು ಹೊಳೀಲೇ ಇಲ್ಲ ನೋಡ ತಂಗಿ." ನಗಬಾರದಿತ್ತು, ಆದರೂ ನಗೆ ಬಂತು. ಅವಳೂ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು.

ಸೀರೆಗೆ ಎಣ್ಣೆ ಬಿದ್ದರೆ ನನ್ನ ತಾಯಿ ಜೋಳದ ಹಿಟ್ಟು ಉದುರಿಸಿ ಬಿಸಿಲಿಗೆ ಇಡುತ್ತಿದ್ದಳು. ಅದು ನೆನಪಾಯಿತು. ಹೇಳಲೋ ಬೇಡವೋ ಎಂದು ಸೆರಗಿನ ತುದಿ ತಿರುವುತ್ತ ನಿಂತು, ಕಡೆಗೆ ಹೇಳಿದೆ. "ಯಕ್ಕಾ... ಜ್ವಾಳದ ಹಿಟ್ಟ ಹಚ್ಚಿ ನೋಡೂಣೇನ?"

ಡಬ್ಬಿಯಿಂದ ಹಿಟ್ಟು ತೆಗೆಯುವಾಗ ಅತ್ತೆ ನೋಡಿದರು. "ಅಯ್ಯ ಶಿವನ! ಮನಶ್ಯಾರು ತಿನ್ನೂ ಹಿಟ್ಟ ಗಾಡೀಗೆ ತಿನಸ್ತಿಯೇನ? ನಾಳೆ ಅದಕ್ಕೊಂದ ಪಲ್ಯಾನೂ ಮಾಡಿಡು." ನಾನು ತಲೆ ತಗ್ಗಿಸಿಕೊಂಡು ಹೊರಗೆ ಬಂದೆ.

ಇಬ್ಬರೂ ಹಿಟ್ಟು ಹಚ್ಚಿ ತಿಕ್ಕಿದೆವು. ಹಿಟ್ಟು ಎಣ್ಣೆ ಕುಡಿದು ಕಂದಾಗುತ್ತಿತ್ತು, ಕೊಡವಿ ಮತ್ತೆ ಹಚ್ಚುತ್ತಿದ್ದೆವು. ಆದರೂ ಬೆರಳಿಟ್ಟರೆ ಜಿಡ್ಡು. ಬಿಸಿಲು ಇಳಿಯತೊಡಗಿತು. ಅಕ್ಕನ ಕೈ ನಿಧಾನವಾಯಿತು. ಆಗ ಹಿಂದಿನಿಂದ ಅತ್ತೆಯ ದನಿ ಬಂತು.

"ತಣ್ಣಾನ ಹಿಟ್ಟ ಎಣ್ಣಿ ಹೀರೂದಿಲ್ಲ ಬೇ. ಹಂಚಿನ ಮ್ಯಾಲ ಬೆಚ್ಚಗ ಮಾಡಿ ತಂದೀನಿ. ಸರೀರಿ ಅತ್ತಾಗ."

ಅವರು ಹಿಟ್ಟಿನ ಮೊರವನ್ನು ಗಾಡಿಯ ಮೆಟ್ಟಿಲ ಮೇಲೆ ಇಟ್ಟು ತಾವೂ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅತ್ತೆಯ ಕೈ, ಅಕ್ಕನ ಕೈ, ನನ್ನ ಕೈ ಒಂದೇ ಮೊರದಲ್ಲಿ ಆಡಿದವು. ನಾನು ಅತ್ತೆಯ ಮುಖ ನೋಡುವ ಧೈರ್ಯ ಮಾಡಲಿಲ್ಲ, ನೋಡಿದರೆ ಅವರು ಕೈ ತೆಗೆದುಬಿಟ್ಟಾರು ಎಂದು ಅಂಜಿಕೆ. ಕತ್ತಲಾಗುವವರೆಗೆ ತಿಕ್ಕಿದೆವು. ಸೀಟಿನ ಮೇಲೆ ದಪ್ಪಗೆ ಹಿಟ್ಟು ಹರವಿ, ಹಳೆಯ ಧೋತರ ಮುಚ್ಚಿ, ಬೆಳಗಿನವರೆಗೆ ಬಿಟ್ಟೆವು.

ಬೆಳಗ್ಗೆ ಹಿಟ್ಟು ಕೊಡವಿದಾಗ ತೊಗಲಿನ ಮಿಂಚು ಹೋಗಿತ್ತು. ಅದರ ಬದಲು ಒಳಗಿನಿಂದ ಬಂದಂಥ ಒಂದು ಮಂದ ಬೆಳಕು. ಹೊಲಿಗೆಯ ಸಾಲುಗಳಲ್ಲಿ ಹಿಟ್ಟು ಸಿಕ್ಕು ಬೆಳ್ಳಗೆ ಕಾಣುತ್ತಿತ್ತು. ಅಕ್ಕ ಒಂದೊಂದನ್ನೇ ಆರಿಯ ತುದಿಯಿಂದ ತೆಗೆಯುತ್ತಿದ್ದಾಗಲೇ ಜೀಪು ಬಂತು.

ಮುಂಬೈಯವರು ಈ ಸಲ ಕರಿ ಪ್ಯಾಂಟು ಹಾಕಿಕೊಂಡಿದ್ದರು. "ಶ್ಯಾಣ್ಯಾ ಅದಾನ" ಎಂದರು ಅತ್ತೆ ಬಾಗಿಲ ಹಿಂದಿನಿಂದ. ಅವರು ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಸೀಟಿನ ಮೇಲೆ ಹಾಸಿ ಅದರ ಮೇಲೆ ಕೂತರು. ಧಣಿ ಕೈ ಕಟ್ಟಿ ನಿಂತಿದ್ದರು. ನಿಮ್ಮ ಅಜ್ಜ ನೆಲ ನೋಡುತ್ತಿದ್ದರು. ಅಕ್ಕ ಮಾತ್ರ ನೇರವಾಗಿ ನೋಡುತ್ತಿದ್ದಳು. ಅವರು ಎದ್ದು ಕರವಸ್ತ್ರವನ್ನು ಬೆಳಕಿಗೆ ಹಿಡಿದು ಆಚೆ ಈಚೆ ತಿರುವಿದರು. ಬೆಳ್ಳಗಿತ್ತು. ಮೂಗಿಗೆ ಹಿಡಿದು ನಕ್ಕರು. ಭಾಕರಿಯ, ಅಂದರೆ ನಮ್ಮ ರೊಟ್ಟಿಯ, ವಾಸನೆ ಎಂದರು. ಆಮೇಲೆ ಸೀಟಿನ ದಿಂಡುಗಳ ಮೇಲೆ ಅಂಗೈ ಇಟ್ಟು, ಇದನ್ನು ಯಾರು ಮಾಡಿದರು ಎಂದು ಕೇಳಿದರು. ಧಣಿ ಬಾಯಿ ತೆರೆಯುವ ಮೊದಲೇ ನಿಮ್ಮ ಅಜ್ಜ ಬೇವಿನ ಗಿಡದ ಕಡೆ ಕೈ ಮಾಡಿದರು.

ಗಾಡಿ ಓಡಿಸಿ ನೋಡಲು ಪಕ್ಕದ ಸೀಟಿನಲ್ಲಿ ಒಬ್ಬರು ಕೂಡಬೇಕಾಗಿತ್ತು. ಧಣಿ ಶಾಲು ಸರಿಮಾಡಿಕೊಂಡು ಮುಂದೆ ಬಂದರು. ಮುಂಬೈಯವರು ಅವರಿಗೆ ತಲೆಬಾಗಿ, ಗಿಡದ ಕಡೆ ತಿರುಗಿ "ಬಸಾ ಬಾಯಿ, ತುಮ್ಹೀ ಬಸಾ" ಎಂದು ಸೀಟು ತೋರಿಸಿದರು.

ಅಕ್ಕ ಹಿಂದೆ ತಿರುಗಿ ನೋಡಿದಳು, ಬೇರೆ ಯಾರನ್ನೋ ಕರೆದಿರಬೇಕೆಂದು. ಹಿಂದೆ ಗೋಡೆಯಿತ್ತು. ಧಣಿಯ ಮುಖ ನೋಡಿದಳು. ಧಣಿ ಹಿಂದಕ್ಕೆ ಸರಿದು "ಹೂಂ, ಕುಂದ್ರ" ಎಂದರು. ಅವಳು ಗಾಡಿಯ ಹತ್ತಿರ ಬಂದಳು. ಬಂದು ತನ್ನ ಕಾಲಿನ ಚಪ್ಪಲಿ ಬಿಟ್ಟಳು. ಗುಡಿಯ ಮುಂದೆ ಬಿಡುವ ಹಾಗೆ, ಜೋಡಿಸಿ, ಪಕ್ಕಕ್ಕೆ ಸರಿಸಿ. ಬರಿಗಾಲಲ್ಲಿ ಹತ್ತಿ ತಾನೇ ಹೊಲಿದ ಸೀಟಿನಲ್ಲಿ ಕೂತಳು.

ಇಂಜಿನ್ ಎದ್ದ ಸಪ್ಪಳ ಎಂಥದಿತ್ತು ಅಂತ ಹೇಳಲಿ... ನನ್ನ ಕಾಲಡಿಯ ಕಲ್ಲು ನಡುಗಿತು. ಅತ್ತೆ ಬಾಗಿಲು ಬಿಟ್ಟು ಅಂಗಳಕ್ಕೆ ಓಡಿ ಬಂದು ಕೂಗಿದರು, "ಸೆರಗ ಹೊತ್ತಕೋ ಬೇ, ಗಾಳಿ ಐತಿ!"

ನಾನು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋದೆ. ಸೊಸೆಯಂದಿರು ಹಾಡುಹಗಲು ಮಾಳಿಗೆ ಹತ್ತಿ ಬೀದಿ ನೋಡುವ ಕಾಲವಲ್ಲ ಅದು. ಗಾಡಿ ಪೇಟೆ ಬೀದಿಯಲ್ಲಿ ಮೆಲ್ಲಗೆ ಹೋಯಿತು, ಮಂದಿ ಎರಡೂ ಕಡೆ ಸರಿದು ನಿಂತರು. ಪೇಟೆ ದಾಟಿ ಕಾಗವಾಡದ ರಸ್ತೆ ಹಿಡಿದ ಮೇಲೆ ಅದು ಬೇರೆಯೇ ಪ್ರಾಣಿಯಾಯಿತು. ಎರಡೂ ಕಡೆ ಎದೆಯೆತ್ತರ ಕಬ್ಬು, ನಡುವೆ ಹಸಿರು ಗೆರೆಯೊಂದು ಎಳೆದ ಹಾಗೆ ಹೋಗುತ್ತಿತ್ತು. ಆ ಗೆರೆಯ ಮೇಲೆ ಒಂದು ಬಿಳಿ ಚುಕ್ಕೆ. ಅಕ್ಕನ ತಲೆಯ ಸೆರಗು ಜಾರಿತ್ತು. ನೆರೆತ ಕೂದಲು ಬಿಚ್ಚಿ ಹಿಂದಕ್ಕೆ ಹಾರುತ್ತಿತ್ತು. ಅವಳು ಅದನ್ನು ಹಿಡಿಯಲಿಲ್ಲ.

ಎಷ್ಟು ಹೊತ್ತು ಹೋಯಿತೋ ನನಗೆ ತಿಳಿಯದು. ಅವರು ತಿರುಗಿ ಬಂದಾಗ ಅಕ್ಕನ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರು, ಗಾಳಿಗೆ ಇರಬೇಕು. ಇಳಿದು ಮೊದಲು ಚಪ್ಪಲಿ ಮೆಟ್ಟಿದಳು. ನಾನು ಹತ್ತಿರ ಹೋಗಿ "ಹೆಂಗಿತ್ತ ಯಕ್ಕಾ?" ಎಂದೆ. ಆಕಾಶದಲ್ಲಿ ಹಾರಿದಂತೆ ಇತ್ತು ಅನ್ನುತ್ತಾಳೆ ಎಂದುಕೊಂಡಿದ್ದೆ.

"ಗಾಡಿ ಭಾಳ ಕೆಳಗ ಐತಿ ತಂಗಿ" ಎಂದಳು. "ಅದರಾಗ ಕುಂತ್ರ ಮಂದೀ ಕಾಲs ಕಾಣತಾವು. ಪ್ಯಾಟ್ಯಾಗ ಹೋಗೂಮುಂದ ಎಲ್ಲಾರ ಕಾಲೂ ನೋಡಿದೆ. ಇಂವನ ಕಾಲಾಗ ನಾ ಹೊಲದದ್ದು, ಅಂವನ ಕಾಲಾಗ ನಮ್ಮ ಓಣ್ಯಾವ್ರು ಹೊಲದದ್ದು... ಎಲ್ಲಾ ಗುರ್ತ ಸಿಕ್ಕೂವು. ಇಷ್ಟ ಮಾಡೇವೇನ ನಾವು? ಊರಿಗೂರs ನಮ್ಮ ಕೈಮ್ಯಾಲ ನಡದಂಗ ಐತಿ."

ನಾನು ಅವಳ ಕೈ ನೋಡಿದೆ. ಉಗುರಿನ ಸಂದಿಯಲ್ಲಿ ಇನ್ನೂ ಹಿಟ್ಟು ಇತ್ತು.

ಗಾಡಿ ಮುಂಬೈಗೆ ಹೋಯಿತು. ಸೀಟು ಕೀಳಲಿಲ್ಲ. ಲಾರಿಯ ಮೇಲೆ ಏರಿಸಿ ತಾಡಪತ್ರಿ ಮುಚ್ಚುವಾಗ ಧಣಿ ಅಕ್ಕನನ್ನು ನೋಡಿ "ಇನ್ನ ಎಣ್ಣಿ ಹಚ್ಚೀಗಿಚ್ಚೀ ಮತ್ತ" ಎಂದರು. ಎಲ್ಲರೂ ನಕ್ಕರು, ಅವರೂ ನಕ್ಕರು. ಅಂಗಳ ಬಯಲಾಯಿತು. ಬಹಳ ದಿನ ನನಗೆ ಕಿಟಕಿಯಲ್ಲಿ ನೋಡಲು ಏನೂ ಇಲ್ಲ ಅನ್ನಿಸುತ್ತಿತ್ತು. ಅಕ್ಕನಿಗೆ ಅವಳ ಓಣಿಯಲ್ಲಿ "ಗಾಡ್ಯಾಗ ಹ್ವಾದಾಕಿ" ಎಂದು ಹೆಸರು ಬಿತ್ತು. ಚಪ್ಪಲಿ ಕೊಡಲು ನಮ್ಮ ಓಣಿಗೆ ಬಂದಾಗ ಚಹಾ ಕುಡಿದು ಹೋಗುತ್ತಿದ್ದಳು. ಮಾಡದಲ್ಲಿದ್ದ ಕಪ್ಪನ್ನು ಅತ್ತೆ ಯಾವಾಗ ತೆಗೆದರೋ ನಾನು ನೋಡಲಿಲ್ಲ. ಒಂದು ದಿನ ನೋಡಿದಾಗ ಅಲ್ಲಿ ಇರಲಿಲ್ಲ.

ಆಮೇಲೆ ನಾವು ಚಿಕ್ಕೋಡಿಗೆ ಬಂದೆವು. ಅಥಣಿಗೆ ಹೋಗುವುದು ಕಡಿಮೆಯಾಯಿತು... ತೊಂಬತ್ತರ ನಂತರದ ಯಾವುದೋ ವರ್ಷ, ರಾಯಬಾಗದಲ್ಲಿ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅಥಣಿಯ ಹಳೆಯ ನೆರೆಯವಳೊಬ್ಬಳು ಸಿಕ್ಕಳು. ಆ ಮಾತು ಈ ಮಾತು ಆಡುತ್ತ "ಅಕ್ಕ ಹ್ವಾದ್ಲು, ಗೊತ್ತಾಗೇತಿ ಅಲ್ಲ?" ಎಂದಳು. ಗೊತ್ತಾಗಿರಲಿಲ್ಲ. ಅವಳು ತೀರಿ ಒಂದು ಮಳೆಗಾಲ ಕಳೆದಿತ್ತು. ಎಲೆಯ ಮೇಲಿನ ಅನ್ನ ಹಾಗೆಯೇ ಉಳಿಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರಿಗೆ ಆಗ ಕಣ್ಣು ಮಂದ, ಕಿವಿಯೂ ಮಂದ. ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು. ಆಮೇಲೆ ಹೇಳಿದರು, "ಸೆರಗ ಹೊತ್ತಕೋ ಅಂದೆ... ಹೊತ್ತಕೊಳ್ಳಲಿಲ್ಲ ನೋಡ ಅಕಿ. ಚೊಲೋ ಮಾಡಿದ್ಲು."

ಈಗ ಅತ್ತೆ ಇಲ್ಲ. ನಿಮ್ಮ ಅಜ್ಜ ಇಲ್ಲ. ಧಣಿಯೂ ಇಲ್ಲ. ಆ ಗಾಡಿ ಯಾರ ಮನೆಯಲ್ಲಿದೆಯೋ, ಎಷ್ಟು ಕೈ ದಾಟಿದೆಯೋ, ಅದನ್ನು ಇಟ್ಟುಕೊಂಡವರು ಬಂದವರಿಗೆ ಏನು ಹೇಳಿ ತೋರಿಸುತ್ತಾರೋ. ಗಾಡಿ ಇಂಗ್ಲೆಂಡಿನದು, ಬಣ್ಣ ಇಂಥದು ಎಂದು ಹೇಳಬಹುದು. ಸೀಟು ಯಾರದೆಂದು ಅವರಿಗೆ ತಿಳಿದಿರಲಿಕ್ಕಿಲ್ಲ. ನಿಮ್ಮ ಅಪ್ಪ ಆಗ ತೊಟ್ಟಿಲ ಕೂಸು, ಆ ದಿನದ ನೆನಪಿರುವ ನಮ್ಮ ಮನೆಯವರಲ್ಲಿ ಉಳಿದವಳು ನಾನೊಬ್ಬಳೇ, ಅದೂ ಮಾತು ಬಾರದವಳು. ನನ್ನ ನಂತರ ಯಾರಾದರೂ ಕೇಳಿದರೆ ನೀವು ಹೇಳಬೇಕು, ಅದಕ್ಕೇ ಬರೆದೆ. ಅಥಣಿಯ ಚಪ್ಪಲಿ ಓಣಿಯ ಒಬ್ಬ ಹೆಂಗಸು ಬರಿಗಾಲಲ್ಲಿ ಆ ಗಾಡಿ ಹತ್ತಿ ಕೂತಳು, ಕಬ್ಬಿನ ನಡುವೆ ಕೂದಲು ಬಿಚ್ಚಿಕೊಂಡು ಹೋದಳು. ನಮ್ಮ ಅಜ್ಜಿ ಮಾಳಿಗೆಯ ಮೇಲಿಂದ ಕಣ್ಣಾರೆ ಕಂಡಿದ್ದಳು ಅನ್ನಿ.